ಭೂಗರ್ಭದ ಶಾಖದಿಂದ ವಿದ್ಯುತ್: ಸರ್ಕಾರದ ಹಣ ಯಾವುದಕ್ಕೆ ಸಲ್ಲಬೇಕು?

ಪ್ರಶ್ನೆ: ನಮ್ಮ ಮನೆ ಪುತ್ತೂರು ತಾಲೂಕಿನ ಇರ್ದೆಯ ಸಮೀಪ ಇದೆ. ಬೆಂದ್ರ್ ತೀರ್ಥದ ಬಿಸಿನೀರನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಅಮೆರಿಕದಲ್ಲಿ ನೆಲದಾಳದ ಬಿಸಿ ಬಂಡೆಗೆ ನೀರು ಹಾಯಿಸಿ ವಿದ್ಯುತ್ ತೆಗೆಯುವ ಸಂಶೋಧನೆಗೆ ಅಲ್ಲಿನ ಸರ್ಕಾರ ಕೋಟಿಗಟ್ಟಲೆ ಡಾಲರ್ ಕೊಡುತ್ತಿದೆ ಎಂದು ಓದಿದೆ. ನಮ್ಮ ಕೇಂದ್ರ ಸರ್ಕಾರವೂ ಭೂಶಾಖ ನೀತಿಯನ್ನು ಪ್ರಕಟಿಸಿದೆಯಂತೆ. ಹಾಗಾದರೆ ದಕ್ಷಿಣ ಕನ್ನಡದಲ್ಲೇ ಇಂಥದೊಂದು ಪ್ರಾಯೋಗಿಕ ಸ್ಥಾವರ ಬರಲಿ ಎಂದು ನಾವು ಒತ್ತಾಯಿಸಬಹುದೇ? ಲಾಭವಿರುವ ಕೆಲಸವಾದರೆ ಖಾಸಗಿಯವರೇ ಮಾಡಬಹುದಲ್ಲ, ಸರ್ಕಾರ ಏಕೆ ದುಡ್ಡು ಹಾಕಬೇಕು? ಸುರತ್ಕಲ್ಲಿನಲ್ಲಿ ಮೈನಿಂಗ್ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳಿಗೆ ಈ ಕ್ಷೇತ್ರದಲ್ಲಿ ದಾರಿ ಇದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ: ಸ್ಥಾವರ ನಮ್ಮ ಜಿಲ್ಲೆಗೆ ಬರಲಿ ಎಂದು ಒತ್ತಾಯಿಸಬೇಡಿ. ಆದರೆ ಈ ಸಂಶೋಧನೆಗೆ ಭಾರತ ಸರ್ಕಾರ ಈಗಿನದಕ್ಕಿಂತ ಬಹಳ ಹೆಚ್ಚು ಹಣ ಕೊಡಬೇಕು ಎಂದು ಖಂಡಿತ ಒತ್ತಾಯಿಸಿ. ಇವೆರಡೂ ಒಂದಕ್ಕೊಂದು ವಿರುದ್ಧವಾದ ಮಾತುಗಳಲ್ಲ. ಏಕೆಂದು ತಿಳಿಯಬೇಕಾದರೆ ಈ ತಂತ್ರಜ್ಞಾನದ ಸ್ವರೂಪ, ನಮ್ಮ ಕಾಲಡಿಯ ಶಿಲೆಯ ಸ್ವಭಾವ ಮತ್ತು ಕಳೆದ ಐವತ್ತು ವರ್ಷಗಳಲ್ಲಿ ಬೇರೆ ಬೇರೆ ಸರ್ಕಾರಗಳ ಹಣದಿಂದ ಆದದ್ದು ಏನು, ಆಗದೆ ಹೋದದ್ದು ಏನು ಎಂಬುದನ್ನು ನೋಡಬೇಕು.

ಸಾಮಾನ್ಯ ಭೂಶಾಖ ವಿದ್ಯುತ್ತಿಗೆ ಮೂರು ಅನುಕೂಲಗಳು ಒಂದೇ ಜಾಗದಲ್ಲಿ ಕೂಡಿಬರಬೇಕು. ನೆಲದಾಳದಲ್ಲಿ ಸಾಕಷ್ಟು ಶಾಖವಿರಬೇಕು, ಆ ಶಾಖವನ್ನು ಹೊತ್ತು ತರಲು ನೀರಿರಬೇಕು, ನೀರು ಹರಿದಾಡಲು ಬಂಡೆಯಲ್ಲಿ ಬಿರುಕುಗಳಿರಬೇಕು. ಐಸ್‌ಲ್ಯಾಂಡ್, ಕೀನ್ಯಾ, ಇಂಡೋನೇಷ್ಯಾದಂಥ ಜ್ವಾಲಾಮುಖಿ ವಲಯಗಳಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ. ಉಳಿದ ಹೆಚ್ಚಿನ ಜಾಗಗಳಲ್ಲಿ ಆಳಕ್ಕೆ ಹೋದರೆ ಶಾಖವೇನೋ ಇದೆ, ಆದರೆ ಬಂಡೆ ಒಣಗಿದೆ ಮತ್ತು ಬಿಗಿಯಾಗಿದೆ. ಅಂಥಲ್ಲಿ ನೀರಿನ ದಾರಿಯನ್ನು ಮನುಷ್ಯನೇ ನಿರ್ಮಿಸುವ ವಿಧಾನಕ್ಕೆ ವರ್ಧಿತ ಭೂಶಾಖ ವ್ಯವಸ್ಥೆ, ಸಂಕ್ಷೇಪವಾಗಿ ಇಜಿಎಸ್, ಎನ್ನುತ್ತಾರೆ. ಎರಡು ಮೂರು ಕಿಲೋಮೀಟರ್ ಅಥವಾ ಇನ್ನೂ ಆಳಕ್ಕೆ ಒಂದು ಬಾವಿ ಕೊರೆದು, ಹೆಚ್ಚಿನ ಒತ್ತಡದಲ್ಲಿ ನೀರು ನುಗ್ಗಿಸಿ, ಬಂಡೆಯಲ್ಲಿ ಮೊದಲೇ ಇರುವ ಕೂದಲೆಳೆಯಂಥ ಬಿರುಕುಗಳನ್ನು ತೆರೆಯುತ್ತಾರೆ ಅಥವಾ ಹೊಸ ಬಿರುಕುಗಳನ್ನು ಉಂಟುಮಾಡುತ್ತಾರೆ. ಆ ಬಿರುಕುಗಳ ಜಾಲವನ್ನು ಹಾಯುವಂತೆ ಇನ್ನೊಂದು ಬಾವಿ ಕೊರೆಯುತ್ತಾರೆ. ಮೊದಲ ಬಾವಿಯಲ್ಲಿ ಇಳಿದ ತಣ್ಣೀರು ಬಂಡೆಯ ಶಾಖ ಹೀರಿಕೊಂಡು ಎರಡನೆಯ ಬಾವಿಯಲ್ಲಿ ಮೇಲೆ ಬರುತ್ತದೆ, ಮೇಲ್ಗಡೆ ಕಡಿಮೆ ಉಷ್ಣತೆಗೇ ಆವಿಯಾಗುವ ಮತ್ತೊಂದು ದ್ರವಕ್ಕೆ ಶಾಖ ಕೊಟ್ಟು ಅದರ ಮೂಲಕ ಟರ್ಬೈನ್ ತಿರುಗಿಸುತ್ತದೆ, ತಣಿದ ಮೇಲೆ ಮತ್ತೆ ಕೆಳಗಿಳಿಯುತ್ತದೆ.

ಇದರ ಮೇಲೆ ಇಷ್ಟೊಂದು ಆಸೆ ಏಕೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಒಂದು ಘನ ಕಿಲೋಮೀಟರ್ ಗ್ರಾನೈಟ್ ಎಂದರೆ ಸುಮಾರು 270 ಕೋಟಿ ಟನ್ ಕಲ್ಲು. ಅಷ್ಟು ಕಲ್ಲನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಸಿದರೆ ಹೊರಬರುವ ಶಾಖ ಸುಮಾರು 6,400 ಕೋಟಿ ಕಿಲೋವಾಟ್ ಗಂಟೆ. ಅದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ ಎಂದುಕೊಂಡರೂ ಸುಮಾರು 25 ಮೆಗಾವಾಟ್ ವಿದ್ಯುತ್ತನ್ನು ಮೂವತ್ತು ವರ್ಷ ಹಗಲಿರುಳೂ ಪಡೆಯಬಹುದು. ಹಗಲಿರುಳೂ ಎಂಬ ಮಾತಿಗೆ ಇಲ್ಲಿ ತುಂಬ ಬೆಲೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ನಮ್ಮ ಕರಾವಳಿಯಲ್ಲಿ ಮನೆಯ ಮಾಡಿನ ಮೇಲೆ ಸೌರಫಲಕ ಹಾಕಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯೆಲ್ಲೂರಿನ 1,200 ಮೆಗಾವಾಟ್ ಸ್ಥಾವರ ಆಮದು ಕಲ್ಲಿದ್ದಲಿನಿಂದ ಕೊಡುವ ಎಡೆಬಿಡದ ವಿದ್ಯುತ್ತಿಗೆ ಹೊಗೆಯಿಲ್ಲದ ಬದಲಿ ಬೇಕಾದರೆ ಬಿಸಿಲು ಗಾಳಿಗಳ ಜೊತೆಗೆ ಇಂಥದ್ದೊಂದು ಆಧಾರವೂ ಬೇಕು.

ಇನ್ನು ನಿಮ್ಮೂರಿನ ಮಾತು. ಬಿಸಿನೀರಿನ ಬುಗ್ಗೆ ಇದ್ದಲ್ಲಿ ಕೆಳಗೆ ಕುದಿಯುವ ಶಾಖವಿರಬೇಕು ಎಂದು ಭಾವಿಸುವುದು ಸಹಜ. ಆದರೆ ಬೆಂದ್ರ್ ತೀರ್ಥದ ನೀರು ಮೈ ತೊಳೆಯಲು ಹಿತವಾಗುವಷ್ಟು ಬೆಚ್ಚಗಿದೆಯೇ ಹೊರತು ಸುಡುವಷ್ಟಿಲ್ಲ, ಸುಮಾರು 40 ಡಿಗ್ರಿಯ ಒಳಗೇ ಇದೆ. ನಮ್ಮಲ್ಲಿ ನೆಲದ ಮೇಲ್ಪದರದ ಉಷ್ಣತೆಯೇ 27–28 ಡಿಗ್ರಿ ಇರುವುದರಿಂದ ಆ ನೀರು ಹೆಚ್ಚುವರಿಯಾಗಿ ಪಡೆದದ್ದು ಹತ್ತು ಹನ್ನೆರಡು ಡಿಗ್ರಿ ಮಾತ್ರ. ಮಳೆಯ ನೀರು ಬಂಡೆಯ ಒಂದು ಸೀಳಿನಲ್ಲಿ ಸುಮಾರು ಒಂದು ಕಿಲೋಮೀಟರ್ ಆಳಕ್ಕೆ ಇಳಿದು, ಇನ್ನೊಂದು ಸೀಳಿನಲ್ಲಿ ತಣಿಯುವ ಮೊದಲೇ ಮೇಲೆ ಬಂದರೆ ಇಷ್ಟು ಬಿಸಿ ಸಾಕು. ಅದಕ್ಕೆ ಜ್ವಾಲಾಮುಖಿ ಬೇಕಿಲ್ಲ. ಹಾಗೆಯೇ 800 ಅಡಿಯ ಕೊಳವೆಬಾವಿಯ ನೀರು ಮುಂಜಾನೆ ಬೆಚ್ಚಗೆ ಬರುತ್ತದೆ ಎಂದು ಕೆಲವರು ಬರೆದು ಕೇಳುತ್ತಾರೆ. ಅದು ವರ್ಷವಿಡೀ ಒಂದೇ ಉಷ್ಣತೆಯಲ್ಲಿರುವ ನೀರು. ಮುಂಜಾನೆಯ ಗಾಳಿ ತಣ್ಣಗಿರುವುದರಿಂದ ಕೈಗೆ ಬಿಸಿ ಅನ್ನಿಸುತ್ತದೆ.

ನಮ್ಮ ರಾಜ್ಯದ ಕಲ್ಲು ಆಳದಲ್ಲಿ ಎಷ್ಟು ಬಿಸಿಯಿದೆ ಎಂಬುದನ್ನು ಊಹಿಸಬೇಕಾಗಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಮನುಷ್ಯರೇ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದಿದ್ದಾರೆ. ಕೋಲಾರದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳವಿತ್ತು. ಅದರ ತಳದಲ್ಲಿ ಬಂಡೆಯ ಉಷ್ಣತೆ ಸುಮಾರು 66 ಡಿಗ್ರಿ. ಕಾರ್ಮಿಕರಿಗೆ ಅದು ಘೋರವಾದ ಬಿಸಿ, ಗಾಳಿಯನ್ನು ತಣಿಸಿ ಕೆಳಗೆ ಕಳಿಸದೆ ಅಲ್ಲಿ ನಿಲ್ಲುವಂತಿರಲಿಲ್ಲ. ಆದರೆ ವಿದ್ಯುತ್ತಿನ ದೃಷ್ಟಿಯಿಂದ ಅದು ತೀರ ತಂಪು. ಮೇಲ್ಮೈಯಿಂದ ತಳದವರೆಗಿನ ವ್ಯತ್ಯಾಸವನ್ನು ಆಳದಿಂದ ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿ ಏರಿಕೆ ಸಿಗುತ್ತದೆ. ಜಗತ್ತಿನ ಸಾಮಾನ್ಯ ಭೂಖಂಡ ಪ್ರದೇಶಗಳಲ್ಲಿ ಈ ಏರಿಕೆ 25ರಿಂದ 30 ಡಿಗ್ರಿ. ಕೋಲಾರದಿಂದ ನಮ್ಮ ಕರಾವಳಿಯವರೆಗೂ ಹರಡಿರುವುದು ಧಾರವಾಡ ಕ್ರೇಟಾನ್ ಎಂದು ಕರೆಯುವ, ಹಲವೆಡೆ 300 ಕೋಟಿ ವರ್ಷಕ್ಕೂ ಹಳೆಯದಾದ ಶಿಲಾಫಲಕ. ಇಲ್ಲಿ ನೆಲದಿಂದ ಹೊರಬರುವ ಶಾಖ ಪ್ರತಿ ಚದರ ಮೀಟರಿಗೆ 40 ಮಿಲಿವಾಟ್‌ನ ಆಸುಪಾಸು, ಕೆಲವೆಡೆ ಅದಕ್ಕೂ ಕಡಿಮೆ. ಭೂಖಂಡಗಳ ಸರಾಸರಿ ಸುಮಾರು 65. ಇದೇ ಏರಿಕೆ ಮುಂದುವರಿಯುತ್ತದೆ ಎಂದುಕೊಂಡರೆ, ವಿದ್ಯುತ್ತಿಗೆ ಯೋಗ್ಯವಾದ 200 ಡಿಗ್ರಿ ಮುಟ್ಟಲು ನಾವು ಹದಿನಾಲ್ಕು ಕಿಲೋಮೀಟರ್ ಕೊರೆಯಬೇಕಾಗುತ್ತದೆ. ಮನುಷ್ಯ ಈವರೆಗೆ ಕೊರೆದ ಅತ್ಯಂತ ಆಳದ ರಂಧ್ರ, ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿರುವುದು, 12 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇರ್ದೆಯಲ್ಲಾಗಲಿ ಕಾರ್ಕಳದಲ್ಲಾಗಲಿ ಇಜಿಎಸ್ ಸ್ಥಾವರಕ್ಕೆ ಒತ್ತಾಯಿಸುವುದು ಸರಿಯಲ್ಲ ಎಂದು ನಾನು ಹೇಳುವುದು ಈ ಕಾರಣದಿಂದ. ಗೋಡಂಬಿ ಕಾರ್ಖಾನೆಗೋ ಮೀನು ಒಣಗಿಸುವುದಕ್ಕೋ ನೇರ ಶಾಖವನ್ನಾದರೂ ಬಳಸಬಹುದೇ ಎಂದರೆ, 40 ಡಿಗ್ರಿಯ ನೀರಿನಿಂದ ಅದೂ ಆಗುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಿಜವಾದ ಚರ್ಚೆಯಿರುವುದು ಅಲ್ಲಿ. ಲಾಭವಿದ್ದರೆ ಖಾಸಗಿಯವರು ಏಕೆ ಮಾಡುವುದಿಲ್ಲ? ಸೌರಫಲಕ ಹಾಕುವವನು ಮೊದಲ ದಿನವೇ ತನ್ನ ಜಾಗದಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂದು ತಿಳಿದಿರುತ್ತಾನೆ. ಭೂಶಾಖಕ್ಕೆ ಹಣ ಹಾಕುವವನಿಗೆ ಬಾವಿ ಕೊರೆದು ಮುಗಿಯುವವರೆಗೆ ತನಗೆ ಏನು ಸಿಗುತ್ತದೆ ಎಂದು ಗೊತ್ತಾಗುವುದಿಲ್ಲ. ಒಟ್ಟು ವೆಚ್ಚದ ದೊಡ್ಡ ಪಾಲು ಅಷ್ಟರಲ್ಲಿ ಖರ್ಚಾಗಿರುತ್ತದೆ. ಇಂಥ ಒಂದು ಬಾವಿಗೆ ಅಮೆರಿಕದಲ್ಲಿ ಇತ್ತೀಚಿನವರೆಗೂ 90 ಲಕ್ಷ ಡಾಲರಿಗೂ ಹೆಚ್ಚು ತಗಲುತ್ತಿತ್ತು. ಬಾವಿ ಕೈಕೊಟ್ಟರೆ ಬ್ಯಾಂಕಿಗೆ ಅಡವಿಡಲು ಏನೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಯಾವ ಬಗೆಯ ಬಂಡೆಯಲ್ಲಿ ಯಾವ ದಿಕ್ಕಿಗೆ ಬಾವಿ ಬಾಗಿಸಿದರೆ ಬಿರುಕು ಚೆನ್ನಾಗಿ ತೆರೆದುಕೊಳ್ಳುತ್ತದೆ, ಯಾವ ಒತ್ತಡದಲ್ಲಿ ನೀರು ದಾರಿ ತಪ್ಪುತ್ತದೆ ಎಂಬ ತಿಳಿವಳಿಕೆಯನ್ನು ಮೊದಲು ದುಡ್ಡು ಕಳೆದುಕೊಂಡವನು ಸಂಪಾದಿಸುತ್ತಾನೆ, ಅದರ ಫಲ ಪಕ್ಕದವನಿಗೂ ಸಿಗುತ್ತದೆ. ಹೀಗಿರುವಾಗ ಮೊದಲಿಗನಾಗಲು ಯಾರೂ ಮುಂದೆ ಬರುವುದಿಲ್ಲ. ಸಮಾಜಕ್ಕೆ ಬೇಕಾದ ಆದರೆ ಒಬ್ಬ ಹೂಡಿಕೆದಾರನಿಗೆ ಗಿಟ್ಟದ ಈ ಮೊದಲ ಹೆಜ್ಜೆಯನ್ನು ಸಾರ್ವಜನಿಕ ಹಣದಿಂದಲೇ ಇಡಬೇಕಾಗುತ್ತದೆ.

ಇದನ್ನು ಬೇರೆ ಬೇರೆ ದೇಶಗಳು ತಮ್ಮ ತಮ್ಮ ರೀತಿಯಲ್ಲಿ ಮಾಡಿವೆ. ಐಸ್‌ಲ್ಯಾಂಡಿನ ರಾಷ್ಟ್ರೀಯ ಇಂಧನ ನಿಧಿ ಬಾವಿ ಕೊರೆಯಲು ಸಾಲ ಕೊಡುತ್ತಿತ್ತು ಮತ್ತು ಬಾವಿ ವಿಫಲವಾದರೆ ಆ ಸಾಲವನ್ನು ಅನುದಾನವೆಂದು ಪರಿಗಣಿಸುತ್ತಿತ್ತು. ಕೀನ್ಯಾ ಸರ್ಕಾರ ಭೂಶಾಖ ಅಭಿವೃದ್ಧಿ ಕಂಪನಿಯೊಂದನ್ನು ಸ್ಥಾಪಿಸಿ, ಬಾವಿ ಕೊರೆಯುವ ಅಪಾಯವನ್ನು ತಾನೇ ಹೊತ್ತು, ಸಿಕ್ಕ ಹಬೆಯನ್ನು ವಿದ್ಯುತ್ ಉತ್ಪಾದಕರಿಗೆ ಮಾರುವ ವ್ಯವಸ್ಥೆ ಮಾಡಿತು. ಇಂದು ಆ ದೇಶದ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 40ರಷ್ಟು ಪಾಲು ಭೂಶಾಖದ್ದು. ಇವೆರಡೂ ಸಾಮಾನ್ಯ ಭೂಶಾಖದ ಉದಾಹರಣೆಗಳು, ಆದರೆ ಅಪಾಯ ಹಂಚಿಕೊಳ್ಳುವ ತತ್ತ್ವ ಇಜಿಎಸ್‌ಗೂ ಅನ್ವಯಿಸುತ್ತದೆ.

ಇಜಿಎಸ್‌ನ ಕಥೆ ಶುರುವಾಗುವುದು 1970ರ ದಶಕದಲ್ಲಿ, ನ್ಯೂ ಮೆಕ್ಸಿಕೊದ ಫೆಂಟನ್ ಹಿಲ್‌ನಲ್ಲಿ. ಅಣುಬಾಂಬು ತಯಾರಿಸಿದ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಜ್ಞಾನಿಗಳೇ ಅಲ್ಲಿ ಮೊದಲ ಬಾರಿಗೆ ಒಣ ಬಿಸಿ ಬಂಡೆಯ ಮೂಲಕ ನೀರು ಹರಿಸಿ ಶಾಖ ತೆಗೆದರು. ತೆಗೆಯಬಹುದು ಎಂಬುದು ಸಾಬೀತಾಯಿತು, ಆದರೆ ಹರಿವು ಸಾಲಲಿಲ್ಲ, ನೀರು ಬಂಡೆಯೊಳಗೆ ಕಳೆದುಹೋಗುತ್ತಿತ್ತು, 1990ರ ದಶಕದಲ್ಲಿ ಯೋಜನೆ ನಿಂತಿತು. ಯುರೋಪಿನಲ್ಲಿ ಫ್ರಾನ್ಸ್, ಜರ್ಮನಿ ಮತ್ತು ಯುರೋಪಿಯನ್ ಒಕ್ಕೂಟಗಳ ಹಣದಿಂದ ಫ್ರಾನ್ಸಿನ ಸೂಲ್ಟ್ಸ್ ಎಂಬಲ್ಲಿ 1987ರಲ್ಲಿ ಕೆಲಸ ಆರಂಭವಾಯಿತು. 5 ಕಿಲೋಮೀಟರ್ ಆಳದ ಬಾವಿಗಳಿಂದ ಸುಮಾರು 1.5 ಮೆಗಾವಾಟ್ ಸ್ಥಾವರ ಚಾಲನೆಗೆ ಬಂದದ್ದು 2008ರಲ್ಲಿ. ಇಪ್ಪತ್ತೊಂದು ವರ್ಷಕ್ಕೆ ಒಂದೂವರೆ ಮೆಗಾವಾಟ್ ಎಂದರೆ ಹಣ ಹಾಳಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ನನ್ನ ಅಭಿಪ್ರಾಯ ಬೇರೆ. ಬಿರುಕುಗಳು ಹೇಗೆ ತೆರೆದುಕೊಳ್ಳುತ್ತವೆ ಎಂಬುದನ್ನು ಸೂಕ್ಷ್ಮ ಕಂಪನಗಳ ಮೂಲಕ ಕೇಳಿ ನಕ್ಷೆ ಮಾಡುವ ವಿದ್ಯೆ ಬಹುಮಟ್ಟಿಗೆ ಇಂಥ ಜಾಗಗಳಲ್ಲೇ ಬೆಳೆಯಿತು.

ಸರ್ಕಾರಿ ಸಂಶೋಧನೆಯ ಫಲ ಎಂಥ ಸುತ್ತುದಾರಿಯಲ್ಲಿ ಬರುತ್ತದೆ ಎಂಬುದಕ್ಕೆ ಕೊರೆಯುವ ಬಿಟ್‌ನ, ಅಂದರೆ ಕೊಳವೆಯ ತುದಿಯಲ್ಲಿದ್ದು ಬಂಡೆಯನ್ನು ಕಡಿಯುವ ಭಾಗದ, ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಹಳೆಯ ರೋಲರ್ ಬಿಟ್‌ಗಳು ಹಲ್ಲುಗಳಿಂದ ಬಂಡೆಯನ್ನು ಜಜ್ಜಿ ಪುಡಿ ಮಾಡುತ್ತವೆ. 1970ರ ದಶಕದಲ್ಲಿ ಬಂದ ಪಿಡಿಸಿ ಬಿಟ್‌ಗಳು, ಅಂದರೆ ಕೃತಕ ವಜ್ರದ ಬಿಲ್ಲೆ ಕೂರಿಸಿದವು, ಹೆರೆಮಣೆಯಲ್ಲಿ ಕಾಯಿ ಹೆರೆದಂತೆ ಬಂಡೆಯನ್ನು ಕೆರೆದು ತೆಗೆಯುತ್ತವೆ. ಅವು ಮೊದಮೊದಲು ಬೇಗನೆ ಮುರಿಯುತ್ತಿದ್ದವು. ಅವುಗಳನ್ನು ಗಟ್ಟಿಗೊಳಿಸುವ ಸಂಶೋಧನೆಯಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ದೊಡ್ಡ ಪಾತ್ರ ವಹಿಸಿತು, ಅದಕ್ಕೆ ಹಣ ಬಂದದ್ದು ಸರ್ಕಾರದ ಭೂಶಾಖ ಕಾರ್ಯಕ್ರಮದಿಂದ. ಭೂಶಾಖ ಆಗ ಬೆಳೆಯಲಿಲ್ಲ. ತೈಲ ಕಂಪನಿಗಳು ಆ ಬಿಟ್‌ಗಳನ್ನು ಎತ್ತಿಕೊಂಡವು, ಮೆದು ಶಿಲೆಗಳಲ್ಲಿ ಬಳಸಿ ಸುಧಾರಿಸಿದವು, ಇಂದು ಜಗತ್ತಿನ ತೈಲ ಬಾವಿಗಳಲ್ಲಿ ಬಹುಪಾಲು ಕೊರೆತ ಅವುಗಳದ್ದೇ. ನಲವತ್ತು ವರ್ಷಗಳ ನಂತರ ಅದೇ ಬಿಟ್ ಗ್ರಾನೈಟ್ ಕೊರೆಯಲು ಭೂಶಾಖಕ್ಕೆ ಮರಳಿ ಬಂತು.

ಅದು ಮರಳಿ ಬಂದ ಜಾಗ ಯೂಟಾ ರಾಜ್ಯದ ಮಿಲ್ಫರ್ಡ್ ಬಳಿಯ ಫೋರ್ಜ್ ಎಂಬ ಕ್ಷೇತ್ರ ಪ್ರಯೋಗಾಲಯ. ಅಮೆರಿಕದ ಇಂಧನ ಇಲಾಖೆ 2018ರಲ್ಲಿ ಆ ಸ್ಥಳವನ್ನು ಆರಿಸಿ ಸುಮಾರು 14 ಕೋಟಿ ಡಾಲರ್ ಮೀಸಲಿಟ್ಟಿತು, 2024ರಲ್ಲಿ ಇನ್ನೂ 8 ಕೋಟಿ ಸೇರಿಸಿತು. ನಡೆಸುವುದು ಯೂಟಾ ವಿಶ್ವವಿದ್ಯಾಲಯ. ವಿದ್ಯುತ್ ಮಾರುವುದು ಅದರ ಉದ್ದೇಶವಲ್ಲ, ಕಲಿಯುವುದು ಮತ್ತು ಕಲಿತದ್ದನ್ನು ಎಲ್ಲರಿಗೂ ತೆರೆದಿಡುವುದು ಅದರ ಉದ್ದೇಶ. 2020ರ ಕೊನೆಗೆ ಅಲ್ಲಿ ಕೊರೆಯಲು ಆರಂಭಿಸಿದ 16ಎ ಬಾವಿ ಮೊದಲು ನೇರವಾಗಿ ಇಳಿದು, ನಂತರ 65 ಡಿಗ್ರಿ ಓರೆಯಾಗಿ ಗ್ರಾನೈಟಿನೊಳಗೆ ಸಾಗುತ್ತದೆ. ಒಟ್ಟು ಉದ್ದ 3.3 ಕಿಲೋಮೀಟರಿಗೂ ಹೆಚ್ಚು, ತಳದಲ್ಲಿ ಉಷ್ಣತೆ 220 ಡಿಗ್ರಿಯ ಆಸುಪಾಸು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ತಜ್ಞರು ಕೊರೆಯುವವರ ಜೊತೆಗೇ ಇದ್ದು, ಪ್ರತಿ ಬಾರಿ ಬಿಟ್ ಸವೆದಾಗಲೂ ಏಕೆ ಸವೆಯಿತು ಎಂದು ಪರೀಕ್ಷಿಸಿ, ಭಾರ ಮತ್ತು ತಿರುಗುವೇಗಗಳನ್ನು ಬದಲಿಸುತ್ತ ಹೋದರು. ಕೊರೆಯುವ ವೇಗ ಬಾವಿಯಿಂದ ಬಾವಿಗೆ ಏರಿತು. 2023ರಲ್ಲಿ ಎರಡನೆಯ ಬಾವಿ ಸಿದ್ಧವಾಯಿತು. 2024ರಲ್ಲಿ ಸುಮಾರು ಒಂದು ತಿಂಗಳು ನೀರು ಹರಿಸಿ ನೋಡಿದಾಗ ಒಳಗೆ ಹಾಕಿದ ನೀರಿನ ಬಹುಪಾಲು ಬಿಸಿಯಾಗಿ ಮರಳಿ ಬಂತು. ಫೆಂಟನ್ ಹಿಲ್‌ನಲ್ಲಿ ಕೈಗೂಡದೆ ಹೋದದ್ದು ಇದೇ.

ಫರ್ವೋ ಎಂಬ ಖಾಸಗಿ ಕಂಪನಿಯ ಹೆಸರನ್ನು ನೀವು ಓದಿರಬಹುದು. ಅದು 2023ರಲ್ಲಿ ನೆವಾಡದಲ್ಲಿ ಎರಡು ಅಡ್ಡ ಬಾವಿಗಳ ನಡುವೆ ಸೆಕೆಂಡಿಗೆ 63 ಲೀಟರ್ ನೀರು ಹರಿಸಿ 3.5 ಮೆಗಾವಾಟ್ ಸಾಮರ್ಥ್ಯ ತೋರಿಸಿತು. ಅದರ ಮುಂದಿನ ಯೋಜನೆಯಾದ ಕೇಪ್ ಸ್ಟೇಷನ್ ಇರುವುದು ಫೋರ್ಜ್‌ನ ನೆರೆಯಲ್ಲೇ. ಅಲ್ಲಿ ಒಂದು ಬಾವಿಯ ವೆಚ್ಚ 94 ಲಕ್ಷ ಡಾಲರಿನಿಂದ 48 ಲಕ್ಷಕ್ಕೆ ಇಳಿಯಿತೆಂದು ಕಂಪನಿ 2024ರಲ್ಲಿ ಪ್ರಕಟಿಸಿತು. ಇದನ್ನು ಖಾಸಗಿ ಉದ್ಯಮದ ಸಾಧನೆ ಎಂದು ಬರೆಯುವವರಿದ್ದಾರೆ, ಸಾಧನೆ ಹೌದು. ಆದರೆ ಪಕ್ಕದ ಹೊಲದಲ್ಲಿ ಸರ್ಕಾರದ ದುಡ್ಡಿನಲ್ಲಿ ಗ್ರಾನೈಟ್ ಕೊರೆಯಲು ಕಲಿತ ಪಾಠಗಳು ತೆರೆದ ಪುಸ್ತಕದಂತೆ ಸಿಗದಿದ್ದರೆ ಆ ವೇಗ ಬರುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅಮೆರಿಕದ ಇಂಧನ ಇಲಾಖೆ 2035ರ ಹೊತ್ತಿಗೆ ಇಜಿಎಸ್ ವಿದ್ಯುತ್ತಿನ ವೆಚ್ಚವನ್ನು ಶೇಕಡಾ 90ರಷ್ಟು ಇಳಿಸಿ ಮೆಗಾವಾಟ್ ಗಂಟೆಗೆ 45 ಡಾಲರಿಗೆ ತರುವ ಗುರಿಯನ್ನು 2022ರಲ್ಲಿ ಘೋಷಿಸಿತು. 2024ರಲ್ಲಿ ಪ್ರಾತ್ಯಕ್ಷಿಕೆಗಾಗಿ ಮೂರು ಯೋಜನೆಗಳಿಗೆ 6 ಕೋಟಿ ಡಾಲರ್ ಹಂಚಿತು. ಸರ್ಕಾರ ಬದಲಾದ ಮೇಲೂ, 2025ರ ಕಾನೂನು ಸೌರ ಮತ್ತು ಪವನ ವಿದ್ಯುತ್ತಿನ ತೆರಿಗೆ ರಿಯಾಯಿತಿಗಳನ್ನು ಮೊಟಕುಗೊಳಿಸಿದರೂ, ಭೂಶಾಖದ ರಿಯಾಯಿತಿಯನ್ನು ಬಹಳಮಟ್ಟಿಗೆ ಉಳಿಸಿಕೊಂಡಿದೆ.

ಸರ್ಕಾರದ ಹಣ ಎಲ್ಲ ಕಡೆಯೂ ಫಲ ಕೊಟ್ಟಿಲ್ಲ. ಆಸ್ಟ್ರೇಲಿಯಾದ ಕೂಪರ್ ಜಲಾನಯನದಲ್ಲಿ ಸರ್ಕಾರದ ನೆರವಿನಿಂದ 1 ಮೆಗಾವಾಟ್‌ನ ಪ್ರಾಯೋಗಿಕ ಸ್ಥಾವರ 2013ರಲ್ಲಿ ನಡೆಯಿತು. ಶಾಖ ಧಾರಾಳವಾಗಿತ್ತು. ಆದರೆ ಊರುಗಳಿಂದ ನೂರಾರು ಕಿಲೋಮೀಟರ್ ದೂರದ ಮರುಭೂಮಿಯಿಂದ ವಿದ್ಯುತ್ ಸಾಗಿಸುವ ವೆಚ್ಚ ಗಿಟ್ಟಲಿಲ್ಲ, ಬಾವಿಗಳನ್ನು ಮುಚ್ಚಲಾಯಿತು.

ಇದಕ್ಕಿಂತ ಗಂಭೀರವಾದದ್ದು ಭೂಕಂಪದ ವಿಷಯ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕೆಳಗೆ 2006ರ ಡಿಸೆಂಬರ್‌ನಲ್ಲಿ ನೀರು ನುಗ್ಗಿಸಿದಾಗ 3.4 ತೀವ್ರತೆಯ ಕಂಪನವಾಗಿ ಮನೆಗಳ ಗೋಡೆ ಬಿರುಕು ಬಿಟ್ಟವು, ಯೋಜನೆ ರದ್ದಾಯಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರ ನವೆಂಬರ್ 15ರಂದು 5.4 ತೀವ್ರತೆಯ ಭೂಕಂಪ ಸಂಭವಿಸಿ ಹಲವರು ಗಾಯಗೊಂಡರು, ಕಟ್ಟಡಗಳು ಜಖಂಗೊಂಡವು. ಅಲ್ಲಿನ ಇಜಿಎಸ್ ಪ್ರಯೋಗವೇ ಆ ಭೂಕಂಪವನ್ನು ಪ್ರಚೋದಿಸಿತು ಎಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿ 2019ರಲ್ಲಿ ವರದಿ ಕೊಟ್ಟಿತು. ಬಾವಿ ಹಾಯ್ದ ಜಾಗದಲ್ಲಿ ಮೊದಲೇ ಒತ್ತಡ ತುಂಬಿ ನಿಂತಿದ್ದ ಸ್ತರಭಂಗವೊಂದಿತ್ತು (ಎರಡು ಬದಿಯ ಬಂಡೆಗಳು ಜಾರಬಲ್ಲ ದೊಡ್ಡ ಸೀಳು), ನುಗ್ಗಿದ ನೀರು ಅದನ್ನು ಜಾರುವಂತೆ ಮಾಡಿತು. ಪೋಹಾಂಗ್‌ನಲ್ಲೂ ಹಣ ಸರ್ಕಾರದ್ದೇ ಆಗಿತ್ತು ಎಂಬುದನ್ನು ಮರೆಯಬಾರದು. ಆದ್ದರಿಂದ ಹಣ ಕೊಡುವ ಇಲಾಖೆಯೇ ಸುರಕ್ಷೆಯ ತೀರ್ಪನ್ನೂ ಕೊಡುವಂತಿರಬಾರದು. ಕಂಪನ ಒಂದು ಮಿತಿ ಮೀರಿದ ಕೂಡಲೇ ಪಂಪ್ ನಿಲ್ಲಿಸುವ ಅಧಿಕಾರ ಯೋಜನೆಗೆ ಸಂಬಂಧಿಸದ ಭೂಕಂಪ ತಜ್ಞರ ಕೈಯಲ್ಲಿರಬೇಕು, ಅಳತೆಗಳು ಆಯಾ ದಿನವೇ ಜನರಿಗೆ ಕಾಣುವಂತಿರಬೇಕು. ಘಟ್ಟದ ಇದೇ ಸಾಲಿನಲ್ಲಿ, ನಮ್ಮಿಂದ ಉತ್ತರಕ್ಕೆ, ಕೊಯ್ನಾ ಜಲಾಶಯ ತುಂಬಿದ ಮೇಲೆ 1967ರಲ್ಲಿ 6.3 ತೀವ್ರತೆಯ ಭೂಕಂಪವಾದದ್ದನ್ನು ಬಲ್ಲ ನಾವು ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ.

ಭಾರತದ ಸ್ಥಿತಿ ಏನು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದಾದ್ಯಂತ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ದಾಖಲಿಸಿದೆ, ಸುಮಾರು 10,000 ಮೆಗಾವಾಟ್ ಸಾಧ್ಯತೆಯ ಅಂದಾಜು ಕೊಟ್ಟಿದೆ. ಲಡಾಖಿನ ಪುಗಾ ಕಣಿವೆಯಲ್ಲಿ 1970ರ ದಶಕದಲ್ಲೇ ಕೊರೆದು ನೋಡಿದಾಗ 400 ಮೀಟರಿಗೂ ಕಡಿಮೆ ಆಳದಲ್ಲಿ 100 ಡಿಗ್ರಿ ದಾಟಿದ ಶಾಖ ಸಿಕ್ಕಿತ್ತು. ಅಲ್ಲಿ 1 ಮೆಗಾವಾಟ್ ಸ್ಥಾವರಕ್ಕಾಗಿ ಒಎನ್‌ಜಿಸಿ ಒಪ್ಪಂದ ಮಾಡಿಕೊಂಡದ್ದು 2021ರಲ್ಲಿ. ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಕಂಪನಿ 20 ಕಿಲೋವಾಟ್‌ನ ಪ್ರಾಯೋಗಿಕ ಘಟಕ ಸ್ಥಾಪಿಸಿದೆ. ಇವೆಲ್ಲ ಸಾಮಾನ್ಯ ಭೂಶಾಖದ ಪ್ರಯತ್ನಗಳು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಹೊರಡಿಸಿದ ರಾಷ್ಟ್ರೀಯ ಭೂಶಾಖ ನೀತಿ ಇಜಿಎಸ್ ಅನ್ನು ಹೆಸರಿಸಿ ಪ್ರೋತ್ಸಾಹಿಸುತ್ತದೆ, ಕೈಬಿಟ್ಟ ತೈಲ ಬಾವಿಗಳ ಮರುಬಳಕೆಯ ಮಾತನ್ನೂ ಆಡುತ್ತದೆ. ಇದು ಸ್ವಾಗತಾರ್ಹ.

ನನ್ನ ಆತಂಕವಿರುವುದು ಹಣ ಹಂಚುವ ರೀತಿಯ ಬಗ್ಗೆ. ಐದಾರು ರಾಜ್ಯಗಳಿಗೆ ಒಂದೊಂದು ಕಿಲೋವಾಟ್ ಮಟ್ಟದ ಘಟಕ ಕೊಟ್ಟು, ಎಲ್ಲ ಕಡೆ ಉದ್ಘಾಟನೆ ಮಾಡಿ, ಎರಡು ವರ್ಷದ ನಂತರ ಪಂಪ್ ಕೆಟ್ಟು ನಿಲ್ಲುವುದಕ್ಕಿಂತ, ಅಷ್ಟೂ ಹಣವನ್ನು ಒಂದೇ ಜಾಗದಲ್ಲಿ ಮೂರು ನಾಲ್ಕು ಕಿಲೋಮೀಟರ್ ಆಳದ ಎರಡು ಸಂಶೋಧನಾ ಬಾವಿಗಳಿಗೆ ಹಾಕುವುದು ಮೇಲು. ಆ ಜಾಗವನ್ನು ಶಾಖದ ಅಳತೆ ನೋಡಿ ಆರಿಸಬೇಕು. ಗುಜರಾತಿನ ಖಂಭಾತ್ ತಗ್ಗು ಪ್ರದೇಶದಲ್ಲಿ ತೈಲ ಬಾವಿಗಳಿಂದಲೇ ಹೆಚ್ಚಿನ ಉಷ್ಣತೆಯ ದಾಖಲೆಗಳಿವೆ, ಪಕ್ಕದಲ್ಲೇ ವಿದ್ಯುತ್ ಜಾಲವೂ ಇದೆ, ಆದ್ದರಿಂದ ನಾನು ಅದನ್ನೇ ಮೊದಲು ಪರಿಗಣಿಸುತ್ತೇನೆ. ಬಾವಿಯ ಪ್ರತಿಯೊಂದು ಅಳತೆಯೂ, ವಿಫಲವಾದ ದಿನಗಳದ್ದೂ ಸೇರಿ, ಸಾರ್ವಜನಿಕವಾಗಬೇಕೆಂಬ ಷರತ್ತು ಅನುದಾನದ ಪತ್ರದಲ್ಲೇ ಇರಬೇಕು. ಆಳವಾಗಿ ಕೊರೆಯುವ ಶಕ್ತಿ ನಮಗಿಲ್ಲ ಎನ್ನುವಂತಿಲ್ಲ. ಭೂವಿಜ್ಞಾನ ಸಚಿವಾಲಯ ಕೊಯ್ನಾದಲ್ಲಿ ಭೂಕಂಪದ ಅಧ್ಯಯನಕ್ಕಾಗಿ 3 ಕಿಲೋಮೀಟರ್ ಆಳದ ಬಾವಿಯನ್ನು 2017ರಲ್ಲಿ ಮುಗಿಸಿದೆ, ಅದೂ ಕಪ್ಪು ಬಸಾಲ್ಟನ್ನು ದಾಟಿ ಕೆಳಗಿನ ಗ್ರಾನೈಟಿನೊಳಗೆ.

ಹಾಗಾದರೆ ಕರಾವಳಿಗೆ ಇದರಲ್ಲಿ ಪಾಲೇ ಇಲ್ಲವೇ? ಇದೆ, ಆದರೆ ಅದು ಬೇರೆ ಬಗೆಯದು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ನೆಲದಡಿಯ ಗಟ್ಟಿ ಬಂಡೆಯಲ್ಲೇ ಕೊರೆದಿದ್ದಾರೆ. ಮೇಲಿನ ಮುರಕಲ್ಲನ್ನು ದಾಟಿ, ಕೆಳಗಿನ ಕಗ್ಗಲ್ಲಿನ ಬಿರುಕುಗಳ ದಿಕ್ಕು ಅಳೆದು, ಸುತ್ತಲಿನ ಅಂತರ್ಜಲದ ಒತ್ತಡವೇ ತೈಲವನ್ನು ಒಳಗೆ ಹಿಡಿದಿಡುವಂತೆ ಮಾಡಿದ ಕೆಲಸ ಅದು. ಬಿರುಕುಗಳಲ್ಲಿ ನೀರು ಹೇಗೆ ಹರಿಯುತ್ತದೆ ಎಂಬ ಅದೇ ವಿದ್ಯೆ ಇಜಿಎಸ್‌ಗೂ ಅಡಿಪಾಯ. ಅದೂ ಖಾಸಗಿ ಲಾಭಕ್ಕಾಗಿ ಯಾರೋ ಕಟ್ಟಿದ್ದಲ್ಲ, ದೇಶದ ಇಂಧನ ಭದ್ರತೆಗಾಗಿ ಸಾರ್ವಜನಿಕ ಹಣದಿಂದ ಆದದ್ದು. ನೀವು ಸಂಸದರಿಗೆ ಮನವಿ ಕೊಡುವುದಾದರೆ, ಸ್ಥಾವರದ ಬದಲು ಇದನ್ನು ಕೇಳಿ: ಗಟ್ಟಿ ಶಿಲೆಯಲ್ಲಿ ನೀರಿನ ಹರಿವು ಮತ್ತು ಕೊರೆತದ ಸಂಶೋಧನೆಗೆ ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆಗೆ ಭೂಶಾಖ ನೀತಿಯಡಿ ದೀರ್ಘಾವಧಿಯ ಅನುದಾನ ಸಿಗಲಿ. ಇನ್ನೊಂದು ಸಣ್ಣ ಕೆಲಸವೂ ಇದೆ. ಬೇಸಿಗೆ ಬಂತೆಂದರೆ ತಿರುಚೆಂಗೋಡಿನ ಬೋರ್‌ವೆಲ್ ಲಾರಿಗಳು ನಮ್ಮ ತೋಟಗಳಲ್ಲಿ ಸಾಲುಗಟ್ಟುತ್ತವೆ. ನೀರು ಬಾರದೆ ಕೈಬಿಟ್ಟ ಆಳದ ಬಾವಿಗಳಲ್ಲಿ, ಕೊರೆದು ಕೆಲವು ತಿಂಗಳು ಕಳೆದು ಬಂಡೆ ಮೊದಲಿನ ಉಷ್ಣತೆಗೆ ಮರಳಿದ ಮೇಲೆ, ಒಂದು ಥರ್ಮಾಮೀಟರನ್ನು ಹಗ್ಗದಲ್ಲಿ ಇಳಿಸಿ ಹತ್ತು ಹತ್ತು ಮೀಟರಿಗೆ ಓದಿಕೊಂಡರೆ ಜಿಲ್ಲೆಯ ಶಾಖನಕ್ಷೆ ತಯಾರಾಗುತ್ತದೆ. ಖರ್ಚು ಅತ್ಯಲ್ಪ. ನಾನು ಹೇಳಿದ 12 ಡಿಗ್ರಿಯ ಲೆಕ್ಕ ಕರಾವಳಿಯಲ್ಲಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅದರಿಂದ ತಿಳಿಯುತ್ತದೆ. ಅಳತೆ ಮುಗಿದ ಬಳಿಕ ಬಾವಿಯ ಬಾಯಿಗೆ ಮುಚ್ಚಳ ಹಾಕಿ ಭದ್ರಪಡಿಸಲು ಮಾತ್ರ ಮರೆಯಬಾರದು.

ನಿಮ್ಮ ಮಗಳಿಗೆ ದಾರಿ ಖಂಡಿತ ಇದೆ. ಮೈನಿಂಗ್ ಓದುವವರು ಕಲಿಯುವ ಶಿಲಾಬಲ ವಿಜ್ಞಾನ ಮತ್ತು ಕೊರೆತದ ತಂತ್ರ ಇಜಿಎಸ್‌ಗೆ ನೇರವಾಗಿ ಬೇಕಾದವು. ಇವುಗಳ ಜೊತೆಗೆ ಭೂಕಂಪ ವಿಜ್ಞಾನದ ಪರಿಚಯ ಮಾಡಿಕೊಳ್ಳಲಿ, ಏಕೆಂದರೆ ಭಾರತದಲ್ಲಿ ಈ ಎರಡನ್ನೂ ಬಲ್ಲವರು ಬಹಳ ವಿರಳ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ ಭೂಶಾಖದ ಅಳತೆ ದಶಕಗಳಿಂದ ನಡೆದಿದೆ, ಕೊಯ್ನಾ ಬಾವಿಯನ್ನು ನೋಡಿಕೊಳ್ಳುವ ಪ್ರಯೋಗಾಲಯ ಕರಾಡದಲ್ಲಿದೆ. ಎರಡು ಕಡೆಯೂ ಬೇಸಿಗೆ ರಜೆಯ ತರಬೇತಿಗೆ ಅರ್ಜಿ ಹಾಕಿ ನೋಡಬಹುದು. ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಫೋರ್ಜ್‌ನ ಬಾವಿಗಳ ಕೊರೆತದ ದಾಖಲೆ, ಉಷ್ಣತೆ, ಒತ್ತಡ ಮತ್ತು ಕಂಪನಗಳ ಅಳತೆಗಳು ಅಮೆರಿಕದ ಇಂಧನ ಇಲಾಖೆಯ ಭೂಶಾಖ ದತ್ತಾಂಶ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. 16ಎ ಬಾವಿಯ ದಾಖಲೆಯನ್ನು ಇಳಿಸಿಕೊಂಡು, ಯಾವ ಆಳದಲ್ಲಿ ಯಾವ ಬಿಟ್ ಗಂಟೆಗೆ ಎಷ್ಟು ಅಡಿ ಸಾಗಿತು, ಯಾವಾಗ ಮತ್ತು ಏಕೆ ಅದನ್ನು ಮೇಲೆತ್ತಬೇಕಾಯಿತು ಎಂಬುದನ್ನು ಸಾಲು ಸಾಲಾಗಿ ಓದಿ ಒಂದು ನಕ್ಷೆ ಬಿಡಿಸಲಿ. ಗ್ರಾನೈಟ್ ಕೊರೆಯುವ ಬಗ್ಗೆ ಪಠ್ಯಪುಸ್ತಕ ಕಲಿಸದ ಎಷ್ಟೋ ಸಂಗತಿಗಳು ಅದರಲ್ಲಿವೆ, ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯವೂ ಅಲ್ಲೇ ಸಿಗುತ್ತದೆ.